ಮಾರ್ಲಿನ್ 336: ಅದಲುಬದಲಿನಿಂದ ಗುರಿ ಕೂರಿಸುವವರೆಗೆ

ಬೇಕಿರುವುದು: ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಬಿಳಿಬಾಲದ ಜಿಂಕೆಗೆ ಒಂದು ಲೀವರ್-ಆಕ್ಷನ್ ಕೋವಿ (ಟ್ರಿಗರಿನ ಕೆಳಗಿನ ಹಿಡಿ ಆಡಿಸಿ ತೋಟೆ ಬದಲಿಸುವಂಥದ್ದು). ಕೊಡಲು ಇರುವುದು: .30-06 ತೋಟೆಯ ಸ್ಯಾವೇಜ್ 110 ಬೋಲ್ಟ್-ಆಕ್ಷನ್, ಮೇಲೊಂದು 3-9 ಪಟ್ಟಿನ ಸ್ಕೋಪ್. ಗಡುವು: ಥ್ಯಾಂಕ್ಸ್‌ಗಿವಿಂಗ್ ಕಳೆದ ಶನಿವಾರ. ರೈಫಲ್ ಸೀಸನ್ ತೆರೆಯುವುದು ಅಂದೇ.

ಲೀವರೇ ಏಕೆ? ಈ ರಾಜ್ಯದಲ್ಲಿ ದೊಡ್ಡ ಬೇಟೆಗೆ ಸೆಮಿ-ಆಟೊಮ್ಯಾಟಿಕ್ ರೈಫಲ್ ಬಳಸುವಂತಿಲ್ಲ. ಎರಡನೇ ಈಡು ಬೇಗ ಸಿಗಬೇಕು, ಆದರೆ ಕೈಯಿಂದಲೇ ನಡೆಸುವ ಕೋವಿಯಾಗಿರಬೇಕು ಎಂದಾಗ ಲೀವರ್ ಮುಂದೆ ಬರುತ್ತದೆ. ಜೊತೆಗೆ ಇಲ್ಲಿನ ಪೊದೆಕಾಡಿನಲ್ಲಿ ಗುರಿಯ ದೂರ ಬಹುಪಾಲು 100 ಗಜದ ಒಳಗೇ ಇರುತ್ತದೆ. ಅಷ್ಟಕ್ಕೆ .30-06 ಹೊತ್ತು ತಿರುಗುವುದು ಮೆಣಸಿನಕಾಯಿ ಕುಯ್ಯಲು ಮಚ್ಚು ಹಿಡಿದಂತೆ.

ಮೊದಲ ವಾರ: ಯಾವುದನ್ನು ಬಿಟ್ಟದ್ದು, ಏಕೆ

ವಿಂಚೆಸ್ಟರ್ 94 ಎಲ್ಲಕ್ಕಿಂತ ತೆಳ್ಳಗೆ, ಹಗುರ. ರಿಸೀವರಿನ (ಯಂತ್ರಭಾಗ ಕೂರುವ ಲೋಹದ ಪೆಟ್ಟಿಗೆಯ) ಹೊಟ್ಟೆಗೆ ಕೈ ಕೊಟ್ಟು ದಿನವಿಡೀ ಹಿಡಿದು ನಡೆಯಬಹುದು. ಆದರೆ 1964ರ ಗೆರೆ ನೆನಪಿಡಬೇಕು. ಸರಣಿ ಸಂಖ್ಯೆ ಸುಮಾರು 27 ಲಕ್ಷ ದಾಟಿದರೆ ಅದು ಆ ವರ್ಷದ ಬದಲಾವಣೆಯ ನಂತರದ್ದು: ತೋಟೆ ಎತ್ತುವ ಲಿಫ್ಟರ್ ತಗಡಿನಿಂದ ಒತ್ತಿ ಮಾಡಿದ್ದು, ಗಟ್ಟಿ ಪಿನ್ನುಗಳ ಜಾಗದಲ್ಲಿ ಸುರುಳಿ ಪಿನ್ನು, ರಿಸೀವರ್ ಉಕ್ಕಿಗೆ ಸಾಮಾನ್ಯ ಬ್ಲೂಯಿಂಗ್ (ತುಕ್ಕು ತಡೆಯುವ ಕಡುನೀಲಿ ಬಣ್ಣ) ಹಿಡಿಯುವುದಿಲ್ಲ. ಈಡು ಹೊಡೆಯಲು ಅದೂ ಸಾಕು, ಆದರೆ ಬಣ್ಣ ಹೋದ ರಿಸೀವರನ್ನು ‘ಮುಂದೆ ಸರಿಮಾಡಿಸೋಣ’ ಎಂಬ ಲೆಕ್ಕದಲ್ಲಿ ತೆಗೆದುಕೊಳ್ಳಬಾರದು. ಇನ್ನೊಂದು ತೊಡಕು, 1980ರ ದಶಕದ ಆರಂಭದಲ್ಲಿ ಆ್ಯಂಗಲ್ ಇಜೆಕ್ಟ್ ಬರುವವರೆಗೂ ಖಾಲಿ ತೋಟೆ ನೇರ ಮೇಲಕ್ಕೆ ಹಾರುತ್ತಿತ್ತು. ಸ್ಕೋಪ್ ಹಾಕಬೇಕೆಂದರೆ ಪಕ್ಕಕ್ಕೆ ಕೂರಿಸಬೇಕು. ನಳಿಗೆಯನ್ನು ಬಾಯಿಯ ಕಡೆಯಿಂದಲೇ ಒರೆಸಬೇಕಾಗುವುದರಿಂದ ಹಳೆಯ 94ಗಳಲ್ಲಿ ಸಲಾಕೆ ಉಜ್ಜಿ ಬಾಯಿಯ ಬಳಿಯ ಗೆರೆಗಳು (ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿಗಳು) ಸವೆದಿರುವುದು ಮಾಮೂಲು.

ಸ್ಯಾವೇಜ್ 99 ಬಲು ಚಂದದ ಯಂತ್ರ. ತಿರುಗುವ ಮ್ಯಾಗಜೀನ್ (ತೋಟೆ ತುಂಬಿಡುವ ಜಾಗ) ಇರುವುದರಿಂದ ಚೂಪು ಮೂತಿಯ ಗುಂಡೂ ನಡೆಯುತ್ತದೆ. ಹೊರಗೆ ಕಾಣುವ ಕುದುರೆ (ಈಡು ಹಾರಿಸುವ ಸುತ್ತಿಗೆ) ಇಲ್ಲ. ಆದರೆ ಟ್ಯಾಂಗಿನ (ರಿಸೀವರಿನ ಹಿಂಬದಿಯ ಲೋಹದ ನಾಲಗೆಯ) ಹಿಂದೆ ಬಟ್ಟಿನ ಮರ ಸೀಳಿರದ 99 ಸಿಕ್ಕಿದರೆ ಅದಕ್ಕೆ ಸ್ಯಾವೇಜ್ 110 ಜೊತೆ ದುಡ್ಡೂ ಸೇರಿಸಿ ಕೊಡಬೇಕು. ಬಿಡಲಾಯಿತು.

ಉಳಿದದ್ದು ಮಾರ್ಲಿನ್ 336. 1948ರಿಂದ ಬಂದ ವಿನ್ಯಾಸ. ಗುಂಡಗಿನ ಬೋಲ್ಟ್, ಮುಚ್ಚಿದ ಮೇಲ್ಭಾಗ, ಪಕ್ಕಕ್ಕೆ ಹಾರುವ ಖಾಲಿ ತೋಟೆ. ಒಂದೇ ಒಂದು ಸ್ಕ್ರೂ ಬಿಚ್ಚಿದರೆ ಲೀವರ್ ಕೆಳಗೆ, ಬೋಲ್ಟ್ ಹಿಂದಕ್ಕೆ. ನಳಿಗೆಯನ್ನು ಹಿಂಬದಿಯಿಂದ ಒರೆಸಬಹುದು. ಈ ಒಂದು ಸ್ಕ್ರೂವೇ ತೀರ್ಮಾನ ಮಾಡಿತು ಎಂದರೂ ತಪ್ಪಿಲ್ಲ.

ತೋಟೆ .30-30. .35 ರೆಮಿಂಗ್ಟನ್ ಹತ್ತಿರದ ದೂರಕ್ಕೆ ಚೆನ್ನ, ಆದರೆ ಸೀಸನ್ ಹೊತ್ತಿಗೆ ಹಳ್ಳಿ ಅಂಗಡಿಯ ಕಪಾಟಿನಲ್ಲಿ ಇರುವುದು .30-30 ಪೆಟ್ಟಿಗೆಗಳೇ. ಕೊಳವೆ ಮ್ಯಾಗಜೀನಿನಲ್ಲಿ ಒಂದು ಗುಂಡಿನ ಮೂತಿ ಮುಂದಿನ ತೋಟೆಯ ಪ್ರೈಮರಿಗೆ (ತಳದಲ್ಲಿರುವ ಕಿಡಿ ಕೊಡುವ ಬಿಲ್ಲೆಗೆ) ತಾಗಿ ನಿಲ್ಲುತ್ತದೆ. ಗಟ್ಟಿ ಚೂಪು ಮೂತಿ ಹಾಕಿದರೆ ಹಿಂದೊದೆತಕ್ಕೆ ಒಳಗೇ ಸಿಡಿಯುವ ಅಪಾಯ. ಚಪ್ಪಟೆ ಅಥವಾ ಮೊಂಡು ಮೂತಿ ಮಾತ್ರ. ಹಾರ್ನಡಿಯ ಲೆವರೆವಲ್ಯೂಷನ್ 160 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಚೂಪಾಗಿದ್ದರೂ ನಡೆಯುವುದು ಅದರ ತುದಿ ಮೆತ್ತನೆಯ ಪಾಲಿಮರ್ ಎಂಬ ಕಾರಣಕ್ಕೆ.

ಎರಡನೇ ವಾರ: ಜೆಎಂ ಮುದ್ರೆ ಮತ್ತು ಅದರ ಬೆಲೆ

ಹಳೆಯ ಮಾರ್ಲಿನ್ ನಳಿಗೆಯ ಬುಡದಲ್ಲಿ ಅಂಡಾಕಾರದೊಳಗೆ ಜೆಎಂ ಎಂಬ ಪುಟ್ಟ ಮುದ್ರೆ ಇರುತ್ತದೆ. ಕನೆಕ್ಟಿಕಟ್‌ನ ಕಾರ್ಖಾನೆಯ ಗುರುತು ಅದು. 2008ರ ಹೊತ್ತಿಗೆ ಕಂಪನಿ ರೆಮಿಂಗ್ಟನ್ ಕೈಗೆ ಹೋಯಿತು, ತಯಾರಿಕೆ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಸರಿಯಿತು. ಮೊದಲ ವರ್ಷಗಳ ಕೋವಿಗಳಲ್ಲಿ ವಾರೆಯಾದ ಸೈಟು, ಮರಕ್ಕೂ ಲೋಹಕ್ಕೂ ನಡುವೆ ಸಂದಿ ಎಂಬ ದೂರುಗಳು ಜಗಜ್ಜಾಹೀರು. ಅವಕ್ಕೆ ಆರ್‌ಇಪಿ ಮುದ್ರೆ. 2020ರಲ್ಲಿ ರೂಗರ್ ಕೊಂಡಿತು, 2023ರಿಂದ 336 ಮತ್ತೆ ಬರುತ್ತಿದೆ, ಕೆಲಸ ಅಚ್ಚುಕಟ್ಟು. ಆದರೆ ಹೊಸದನ್ನು ಯಾರೂ ಅದಲುಬದಲಿಗೆ ಇಡುವುದಿಲ್ಲ.

ಹೀಗಾಗಿ ಜೆಎಂ ಎಂದ ಕೂಡಲೇ ಬೆಲೆ ಏರುತ್ತದೆ. ಆದರೆ ಮುದ್ರೆ ಹೇಳುವುದು ನಳಿಗೆ ಎಲ್ಲಿಯದು ಎಂದಷ್ಟೆ. ಐವತ್ತು ಸೀಸನ್ ಓಡಾಡಿದ ಮೇಲೆ ಒಳಗೆ ಏನು ಉಳಿದಿದೆ ಎಂದಲ್ಲ.

ವರ್ಷ ತಿಳಿಯುವುದು ಸುಲಭ. 1973ರ ನಂತರದ ಸರಣಿ ಸಂಖ್ಯೆಯ ಮೊದಲ ಎರಡು ಅಂಕಿಯನ್ನು 100ರಿಂದ ಕಳೆಯಬೇಕು. ಇಲ್ಲಿ ಸಿಕ್ಕಿದ 336ಸಿ ಸಂಖ್ಯೆ 25ರಿಂದ ಶುರು, ಅಂದರೆ 1975. 20 ಇಂಚಿನ ನಳಿಗೆ, ಆರು ತೋಟೆಯ ಕೊಳವೆ, ಅಡ್ಡಗುಂಡಿ ಸೇಫ್ಟಿ ಇಲ್ಲ (ಅದು ಬಂದದ್ದು 1980ರ ದಶಕದಲ್ಲಿ), ಅರೆಕುದುರೆಯೇ (ಕುದುರೆಯನ್ನು ಅರ್ಧ ಎಳೆದು ನಿಲ್ಲಿಸುವುದೇ) ಸೇಫ್ಟಿ.

ಬೆಲೆ ಕಟ್ಟುವಾಗ ಆನ್‌ಲೈನ್ ಹರಾಜಿನಲ್ಲಿ ಕೇಳುತ್ತಿರುವ ದರ ನೋಡಬಾರದು, ಮಾರಾಟವಾಗಿ ಮುಗಿದ ದರ ನೋಡಬೇಕು. ಸ್ಕೋಪನ್ನು ಕೋವಿಯ ಮೇಲೆ ಬಿಟ್ಟು ಕೊಟ್ಟರೆ ಅದಕ್ಕೆ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಇಳಿಸಿ ಬೇರೆಯೇ ಮಾರಿ, ಬೇಸಿನ ತೂತುಗಳಿಗೆ ಮೂಲ ಫಿಲ್ಲರ್ ಸ್ಕ್ರೂ ಹಾಕಿ ಕೊಡುವುದು ಲಾಭ. ಅಂಗಡಿಯವರು ಮರುಮಾರಾಟದ ಲಾಭ ಬಿಟ್ಟೇ ಲೆಕ್ಕ ಹಾಕುವುದರಿಂದ ನೇರ ಅದಲುಬದಲಿಗೆ ಇನ್ನೊಬ್ಬ ಈಡುಗಾರನೇ ಮೇಲು.

ಕೈಗೆತ್ತಿಕೊಂಡು ನೋಡಿದ್ದು

ತೆಗೆದುಕೊಂಡು ಹೋಗಬೇಕಾದ ಸಾಮಾನು: ಆರು ಡಮ್ಮಿ (ಮದ್ದಿಲ್ಲದ) ತೋಟೆ, ಸಣ್ಣ ಟಾರ್ಚು, ಬಿಳಿ ಕಾಗದದ ಚೂರು, ಸಮಾನಾಂತರ ಅಲುಗಿನ ಸ್ಕ್ರೂಡ್ರೈವರ್. ಮೊದಲು ಲೀವರ್ ಪೂರ್ತಿ ತೆರೆದು ಚೇಂಬರನ್ನೂ (ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡನ್ನು) ಮ್ಯಾಗಜೀನಿನ ಬಾಯನ್ನೂ ಬೆರಳಿಟ್ಟು ನೋಡಬೇಕು, ಮಾರುವವ ‘ಖಾಲಿ ಇದೆ’ ಎಂದರೂ.

ನಳಿಗೆ ನೋಡುವಾಗ ಹೊಸಬರು ಎಡವುವುದು ಒಂದೇ ಕಡೆ. ಈ ಕಾಲದ ಮಾರ್ಲಿನ್ನಿನಲ್ಲಿ ಮೈಕ್ರೋ-ಗ್ರೂವ್ ಗೆರೆಗಳು: .30-30 ನಳಿಗೆಯಲ್ಲಿ ಹನ್ನೆರಡು, ಬಲು ಮೇಲೆಮೇಲೆ ಕೊರೆದವು. ಮಾಮೂಲಿ ಆಳದ ಗೆರೆ ಕಂಡ ಕಣ್ಣಿಗೆ ಇದು ಸವೆದ ನಳಿಗೆಯಂತೆಯೇ ಕಾಣುತ್ತದೆ. ಆಳ ನೋಡಬೇಡಿ, ಅಂಚು ನೋಡಿ. ಬಾಯಿಯ ಹತ್ತಿರ ಬೆಳಕು ಓರೆಯಾಗಿ ಬಿಟ್ಟರೆ ಹನ್ನೆರಡೂ ಗೆರೆ ಚೂಪಾಗಿ ಎಣಿಸುವಂತಿದ್ದರೆ ಸಾಕು. ಇದರಲ್ಲಿ ಇದ್ದವು. ಚೇಂಬರಿನ ಮುಂದೆ ಎರಡು ಇಂಚು ಕಪ್ಪು ಮಸಿ. ಅದು ತಾಮ್ರ ಮತ್ತು ಇಂಗಾಲ, ತುಕ್ಕಲ್ಲ.

ಮ್ಯಾಗಜೀನ್ ಕೊಳವೆಯ ಮೇಲೆ ಉದ್ದಕ್ಕೂ ಬೆರಳಾಡಿಸಬೇಕು. ಅಕ್ಕಿಕಾಳಿನಷ್ಟು ತಗ್ಗಿದ್ದರೂ ಫಾಲೋವರ್ (ತೋಟೆಗಳನ್ನು ತಳ್ಳುವ ಬಿಲ್ಲೆ) ಅಲ್ಲಿ ಸಿಕ್ಕಿ, ಕೊನೆಯ ಎರಡು ತೋಟೆ ಹೊರಬರುವುದಿಲ್ಲ. ಸ್ಕ್ರೂ ತಲೆಗಳು ಹರಿದಿದ್ದರೆ ಯಾರೋ ಅಡುಗೆಮನೆಯ ಚಾಕು ಹಾಕಿ ಬಿಚ್ಚಿದ್ದಾರೆ ಎಂದೇ ಅರ್ಥ, ಒಳಗೆ ಇನ್ನೇನು ಮಾಡಿದ್ದಾರೋ ಎಂಬ ಅನುಮಾನ ಇರಲಿ. ಇದರಲ್ಲಿ ಲೀವರ್ ಸ್ಕ್ರೂ ಒಂದು ಮಾತ್ರ ಸ್ವಲ್ಪ ಹರಿದಿತ್ತು.

ಆಮೇಲೆ ಡಮ್ಮಿ ತೋಟೆ. ಆರೂ ತುಂಬಿ ಮೊದಲು ನಿಧಾನವಾಗಿ, ಆಮೇಲೆ ರಭಸವಾಗಿ ಲೀವರ್ ಆಡಿಸಬೇಕು. ನಿಧಾನಕ್ಕೆ ಆರೂ ಬಂದವು. ರಭಸಕ್ಕೆ ಮೂರನೆಯದರಲ್ಲಿ ಲೀವರ್ ಅರ್ಧಕ್ಕೇ ನಿಂತಿತು, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಇದಕ್ಕೆ ಮಾರ್ಲಿನ್ ಜಾಮ್ ಎಂದೇ ಹೆಸರು. ಕಾರಣ ಹೀಗೆ: ತೋಟೆ ಎತ್ತುವ ಕ್ಯಾರಿಯರಿನ ಅಡಿಯನ್ನು ಲೀವರಿನ ಮೂಗು ಉಜ್ಜುತ್ತಾ ಹೋಗುತ್ತದೆ. ಮೂಗಿನ ಅಂಚು ಚೂಪಾಗಿದ್ದರೆ ವರ್ಷಾನುಗಟ್ಟಲೆ ಉಜ್ಜಿ ಕ್ಯಾರಿಯರಿನಲ್ಲಿ ಒಂದು ಕಚ್ಚು ಬೀಳುತ್ತದೆ. ಕಚ್ಚು ಆಳವಾದಷ್ಟೂ ಕ್ಯಾರಿಯರ್ ಏಳಬೇಕಾದ ಹೊತ್ತಿಗೆ ಕೂದಲೆಳೆಯಷ್ಟು ತಡ, ಕೂದಲೆಳೆಯಷ್ಟು ಕೆಳಗೆ. ಆ ಸಂದಿಯಲ್ಲಿ ಕೊಳವೆಯಿಂದ ಮುಂದಿನ ತೋಟೆ ಜಾರಿ ಕ್ಯಾರಿಯರಿನ ಅಡಿಗೆ ತೂರುತ್ತದೆ. ಬಲ ಹಾಕಿ ಲೀವರ್ ಎಳೆದರೆ ತೋಟೆಯೂ ಹಾಳು, ಕ್ಯಾರಿಯರೂ ಬಾಗುತ್ತದೆ. ಲೀವರ್ ಸ್ಕ್ರೂ ಬಿಚ್ಚಿ ಬಿಡಿಸುವುದೇ ದಾರಿ.

ಟಾರ್ಚಿನಲ್ಲಿ ಕಚ್ಚು ಕಂಡಿತು, ಉಗುರು ಸಿಕ್ಕುವಷ್ಟು. ಮುದ್ರೆಯ ಬೆಲೆ ಕೆಳಗಿಳಿದದ್ದು ಇಲ್ಲಿಯೇ. ಸ್ಯಾವೇಜ್ 110 ಮೇಲೆ ಕೊಡಬೇಕಿದ್ದ ದುಡ್ಡು ಬಿಟ್ಟುಹೋಗಿ ಕೋವಿಗೆ ಕೋವಿ ಎಂದು ಒಪ್ಪಂದವಾಯಿತು, ಮೇಲೆ ಎರಡು ಪೆಟ್ಟಿಗೆ ತೋಟೆ.

ಕಾಗದ

ಇಬ್ಬರೂ ಪೆನ್ಸಿಲ್ವೇನಿಯಾ ನಿವಾಸಿಗಳಾಗಿದ್ದರೆ ಉದ್ದ ಕೋವಿಯನ್ನು ಖಾಸಗಿಯಾಗಿ ಅದಲುಬದಲು ಮಾಡಲು ಡೀಲರ್ ಕಡ್ಡಾಯವಲ್ಲ, ಕೈಕೋವಿಗಾದರೆ ಡೀಲರ್ ಅಥವಾ ಶೆರಿಫ್ ಕಚೇರಿ ಕಡ್ಡಾಯ. ಬೇರೆ ರಾಜ್ಯದವರ ಜೊತೆಯಾದರೆ ಎರಡೂ ಕೋವಿ ಪರವಾನಗಿದಾರ ಡೀಲರ್ ಮೂಲಕವೇ ಹೋಗಬೇಕು, 4473 ಎಂಬ ಕೇಂದ್ರ ಸರ್ಕಾರದ ಕೋವಿ ಖರೀದಿ ಫಾರ್ಮ್ ತುಂಬಬೇಕು. ಕಡ್ಡಾಯವಿಲ್ಲದಿದ್ದರೂ ಡೀಲರ್ ಬಳಿಯೇ ಮಾಡುವುದು ಮೇಲು: ತಪಾಸಣೆಯೂ ಆಗುತ್ತದೆ, ಸಂಖ್ಯೆಗಳು ದಾಖಲಾಗುತ್ತವೆ. ಖಾಸಗಿಯಾದರೆ ಎರಡೂ ಕೋವಿಯ ಹೆಸರು, ಮಾದರಿ, ತೋಟೆ, ಸರಣಿ ಸಂಖ್ಯೆ, ದಿನಾಂಕ ಬರೆದು ಇಬ್ಬರೂ ಸಹಿ ಹಾಕಿದ ಹಾಳೆ ಇರಲಿ.

ಇಲ್ಲಿರುವ ಕನ್ನಡಿಗರು ಗಮನಿಸಬೇಕಾದದ್ದು: ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿ, ಎಫ್-1 ಥರದ ವೀಸಾದಲ್ಲಿರುವವರಿಗೆ ಕೇಂದ್ರ ಕಾನೂನು ಕೋವಿ ಇಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಸ್ನೇಹಿತನ ಹೆಸರಲ್ಲಿ ಕೊಳ್ಳುವ ಉಪಾಯ ನೇರ ಅಪರಾಧ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಊರಲ್ಲಿ ಶಿಕಾರಿಯ ಮಾತೇ ಇಲ್ಲದಿರುವುದರಿಂದ ಈ ಕಾಗದಪತ್ರದ ಅಭ್ಯಾಸ ನಮ್ಮವರಿಗೆ ಕಡಿಮೆ.

ಮೂರನೇ ವಾರ: ಬಿಚ್ಚಿದ್ದು

ಲೀವರನ್ನು ಅರ್ಧ ತೆರೆದು ಸ್ಕ್ರೂ ತೆಗೆಯಬೇಕು. ಲೀವರ್ ಕೆಳಗೆ ಬರುತ್ತದೆ, ಬೋಲ್ಟ್ ಹಿಂದಕ್ಕೆ ಜಾರುತ್ತದೆ. ಅದೇ ಹೊತ್ತಿಗೆ ರಿಸೀವರಿನ ಎಡಗೋಡೆಯಿಂದ ಇಜೆಕ್ಟರ್ ಎಂಬ ಉದ್ದ ತಗಡಿನ ತುಂಡು ಸದ್ದಿಲ್ಲದೆ ಬೀಳುತ್ತದೆ. ಕೆಳಗೆ ಬಟ್ಟೆ ಹಾಸಿರದಿದ್ದರೆ ಸಂಜೆಯೆಲ್ಲ ಮಂಚದಡಿ ಹುಡುಕಾಟ. ಮರಳಿ ಹಾಕುವಾಗ ಅದರ ಮೊಳೆ ಗೋಡೆಯ ತೂತಿನಲ್ಲಿ ಕೂತಿದೆಯೇ ಎಂದು ನೋಡಿಯೇ ಬೋಲ್ಟ್ ತೂರಿಸಬೇಕು. ಕೂರದಿದ್ದರೆ ಬೋಲ್ಟ್ ಒಳಗೆ ಹೋಗುವುದಿಲ್ಲ, ಸುತ್ತಿಗೆ ಮುಟ್ಟಬೇಡಿ.

ಫೈರಿಂಗ್ ಪಿನ್ (ಪ್ರೈಮರಿಗೆ ಕುಟ್ಟುವ ಸೂಜಿ) ಎರಡು ತುಂಡಿನದು. ಹಿಂದಿನ ತುಂಡು ಕೆಳಕ್ಕೆ ವಾಲಿರುತ್ತದೆ. ಲಾಕಿಂಗ್ ಬೋಲ್ಟ್ ಪೂರ್ತಿ ಮೇಲೆದ್ದಾಗ ಮಾತ್ರ ನೇರವಾಗುತ್ತದೆ. ಬೀಗ ಬೀಳದೆ ಈಡು ಹಾರದಿರಲಿ ಎಂದೇ ಈ ಏರ್ಪಾಡು, ಆದ್ದರಿಂದ ಅದರ ಸ್ಪ್ರಿಂಗ್ ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮುರಿದಿರಲಿಲ್ಲ, ಆದರೆ ಹಳೆ ಎಣ್ಣೆ ಅಂಟಾಗಿ ಬೆಲ್ಲದ ಪಾಕದ ಹಾಗೆ ಹಿಡಿದಿತ್ತು. ಚಳಿಗೆ ಈಡು ತಪ್ಪುವುದು ಇದರಿಂದಲೇ. ಮಿನರಲ್ ಸ್ಪಿರಿಟ್ಸ್‌ನಲ್ಲಿ ಅದ್ದಿ ಒರೆಸಿ, ಎಣ್ಣೆ ಬೆರಳಿಗೆ ಹತ್ತಿದಷ್ಟೇ ಸವರಿದ್ದಾಯಿತು.

ಕಚ್ಚಿನ ದುರಸ್ತಿ ಎರಡು ಕಡೆ. ಮೊದಲು ಲೀವರಿನ ಮೂಗು: ಚೂಪು ಅಂಚನ್ನು ಸಾಣೆಕಲ್ಲಿನಲ್ಲಿ ತುಸು ದುಂಡಾಗಿಸಿ, 400 ಮತ್ತು 600 ನಂಬರಿನ ಕಾಗದದಲ್ಲಿ ನಯ ಮಾಡಬೇಕು. ಅಂಚು ಮಾತ್ರ. ಮೂಗಿನ ಎತ್ತರ ಸವೆಸಿದರೆ ಕ್ಯಾರಿಯರ್ ಇನ್ನೂ ತಡವಾಗುತ್ತದೆ, ರೋಗಕ್ಕೆ ನಾವೇ ಗೊಬ್ಬರ ಹಾಕಿದಂತೆ. ಆಮೇಲೆ ಕ್ಯಾರಿಯರ್: ಕಚ್ಚನ್ನು ವೆಲ್ಡ್ ತುಂಬಿಸಿ ಮೂಲ ಮಟ್ಟಕ್ಕೆ ಅರದಲ್ಲಿ ಇಳಿಸುವುದು ಬಾಳಿಕೆಯ ಉಪಾಯ. ವೆಲ್ಡ್ ಬಾರದವರು ಹೊಸ ಕ್ಯಾರಿಯರ್ ಹಾಕಿಸಬಹುದು, ಆದರೆ ಅದೂ ಉಜ್ಜಿ ಹೊಂದಿಸದೆ ಕೂರುವುದಿಲ್ಲ. ಇಲ್ಲಿ ಟಿಗ್ ವೆಲ್ಡಿನ ಎರಡು ಹನಿ ಸಾಕಾಯಿತು. ಡಮ್ಮಿ ತೋಟೆ ಹತ್ತು ಸುತ್ತು, ಅರುವತ್ತು ಸಲ ರಭಸವಾಗಿ ಎಳೆದರೂ ಒಮ್ಮೆಯೂ ಸಿಕ್ಕಲಿಲ್ಲ.

ತೋಟೆ ತುಂಬುವ ಬಾಗಿಲಿನ ಒಳ ಅಂಚು ಹೆಬ್ಬೆರಳಿನ ಉಗುರನ್ನು ಕೀಳುತ್ತಿತ್ತು. ನಯಕಲ್ಲಿನಲ್ಲಿ ನಾಲ್ಕು ಎಳೆತ. ಟ್ರಿಗರ್ ಲೊಡಲೊಡ ಅಲುಗುವುದು ಈ ಮಾದರಿಯ ಸ್ವಭಾವ. ಅದನ್ನು ಮುಟ್ಟಿಲ್ಲ.

ನಾಲ್ಕನೇ ವಾರ: ಸೈಟು

ಹಿಂದಿನ ಮಡಿಸುವ ಬಕ್‌ಹಾರ್ನ್ ಸೈಟು ಮುಂಜಾವಿನ ಮಬ್ಬಿನಲ್ಲಿ ಕಣ್ಣಿಗೆ ಒಗ್ಗುವುದಿಲ್ಲ. ರಿಸೀವರಿನ ಎಡಬದಿಯಲ್ಲಿ ಕಾರ್ಖಾನೆಯೇ ಕೊರೆದ ಎರಡು ತೂತಿಗೆ ವಿಲಿಯಮ್ಸ್ ಪೀಪ್ ಸೈಟು (ಸಣ್ಣ ತೂತಿನ ಮೂಲಕ ನೋಡುವ ಸೈಟು) ಬಂತು. ಪೀಪಿಗೂ ನಳಿಗೆಯ ತುದಿಯ ಮುಂದಿನ ಸೈಟಿನ ಮಣಿಗೂ ನಡುವಿನ ಅಂತರ 24 ಇಂಚಿಗೆ ಏರಿತು. ಪೀಪನ್ನು ತಳಕ್ಕೆ ಇಳಿಸಿದರೂ 100 ಗಜದಲ್ಲಿ ಗುಂಡು ಬೀಳಬೇಕಾದ ಜಾಗಕ್ಕಿಂತ 4 ಇಂಚು ಮೇಲೆ. ಲೆಕ್ಕ: ತಪ್ಪು 4 ಇಂಚು, ಗುಣಿಸು 24, ಭಾಗಿಸು 3600 (100 ಗಜದ ಇಂಚುಗಳು). ಬರುವುದು 0.027 ಇಂಚು. ಗುಂಡು ಮೇಲೆ ಹೋದರೆ ಮುಂದಿನ ಮಣಿ ಎತ್ತರವಾಗಬೇಕು. ಅಳತೆಗೆ ಸರಿಯಾದ್ದು ಹುಡುಕುವ ಬದಲು 0.04 ಇಂಚು ಹೆಚ್ಚು ಎತ್ತರದ್ದು ತಂದು ಅರದಲ್ಲಿ ಇಳಿಸುತ್ತ ಬರುವುದು ಲೇಸು. ಸವೆಸಿದ್ದು ಮರಳಿ ಬೆಳೆಯುವುದಿಲ್ಲ, ಆದ್ದರಿಂದ ಮೂರು ಈಡಿಗೊಮ್ಮೆ ಎರಡೇ ಎಳೆತ.

170 ಗ್ರೇನ್ ಗುಂಡಿಗೆ 100 ಗಜದಲ್ಲಿ 2 ಇಂಚು ಮೇಲೆ ಕೂರಿಸಿದರೆ 150ರಲ್ಲಿ ಹೆಚ್ಚುಕಡಿಮೆ ನೇರ, 200ರಲ್ಲಿ ನಾಲ್ಕೈದು ಇಂಚು ಕೆಳಗೆ. ಈ ಸೈಟಿನಲ್ಲಿ 150ರ ಆಚೆಗೆ ಹೊಡೆಯುವ ಉದ್ದೇಶವೂ ಇಲ್ಲ.

ಮೊದಲ ಮೂರು ಈಡು ಎರಡೂವರೆ ಇಂಚಿನೊಳಗೆ. ನಾಲ್ಕು ಮತ್ತು ಐದನೆಯದು ಎರಡು ಇಂಚು ಮೇಲಕ್ಕೆ ಹತ್ತಿದವು. ನಳಿಗೆ ಕಾದಾಗ ಮುಂಗೈಮರದ ತುದಿ ಲೋಹದ ಟೋಪಿಗೆ ಒತ್ತುತ್ತಿತ್ತು. ಮರದ ತುದಿಯನ್ನು ಅರ್ಧ ಮಿಲಿಮೀಟರ್ ಉಜ್ಜಿ ಎಣ್ಣೆ ಕುಡಿಸಿದ ಮೇಲೆ ಏರಿಕೆ ಅರ್ಧ ಇಂಚಿಗೆ ಇಳಿಯಿತು. ಜಿಂಕೆಗೆ ಐದು ಈಡು ಯಾರೂ ಹೊಡೆಯುವುದಿಲ್ಲ, ಆದರೆ ಬಿಸಿ ನಳಿಗೆಯಲ್ಲಿ ಸೈಟು ಕೂರಿಸಿದರೆ ತಣ್ಣನೆಯ ಮೊದಲ ಈಡು ಕೆಳಗೆ ಹೋಗುತ್ತದೆ. ಮೂರು ಹೊಡೆದು ಹತ್ತು ನಿಮಿಷ ಲೀವರ್ ತೆರೆದಿಡಿ.

ಬಾಕಿ

ಹರಿದ ಲೀವರ್ ಸ್ಕ್ರೂಗೆ ಹೊಸದು ಬರಬೇಕು. ಮಣಿ ಇನ್ನೂ 0.01 ಎತ್ತರ ಉಳಿದಿದೆ, ಕೊನೆಯ ಎಳೆತ ಸೀಸನ್ನಿನ ತೋಟೆಯಲ್ಲೇ, ಅದೇ ಪೆಟ್ಟಿಗೆಯ ಲಾಟಿನಲ್ಲೇ ಆಗಬೇಕು. ಕಿತ್ತಳೆ ಜಾಕೆಟ್ಟು, ಟೋಪಿ ಸೇರಿ ಬೇಟೆಗೆ ಕಡ್ಡಾಯವಾದ 250 ಚದರ ಇಂಚು ಕಿತ್ತಳೆ ದಾಟುತ್ತದೆ, ಎಲ್ಲ ಬದಿಯಿಂದಲೂ ಕಾಣುತ್ತದೆ, ಅಳೆದಿದೆ. ಗಾಡಿ ಹತ್ತುವ ಮುನ್ನ ಕೊಳವೆಯ ಆರೂ ತೋಟೆಯನ್ನು ಲೀವರ್ ಆಡಿಸಿಯೇ ಹೊರತೆಗೆಯಬೇಕಾದ್ದರಿಂದ ಬೆರಳು ಟ್ರಿಗರಿನ ಹೊರಗಿಟ್ಟು ಡಮ್ಮಿಯಲ್ಲಿ ಇನ್ನೂ ಇಪ್ಪತ್ತು ಸಲ ಅಭ್ಯಾಸ.