ಮೊದಲು ಉಸಿರು ಬಿಡಿ

ಇವತ್ತು ಬಾಗಿಲೊಂದು ಧಡಾರ್ ಅಂತ ಬಡ್ಕೊಂಡಿತು. ಮನಸ್ಸಿಗೆ ಹಳೇ ಆಘಾತ ಆಗಿದ್ದ ಒಬ್ಬರು ನಡುಗಿಹೋದರು. ಸುತ್ತ ಇದ್ದವರದ್ದು ಒಂದೇ ಮಾತು: "ಜೋರಾಗಿ ಉಸಿರು ಎಳ್ಕೊಳ್ಳಿ, ಕಣ್ಣು ಮುಚ್ಕೊಳ್ಳಿ."

ಎರಡೂ ಉಲ್ಟಾ ಹೊಡೆಯಬಹುದು.

ಹಳೇ ಆಘಾತ ಕೆದಕಿದಾಗ ಉಸಿರು ಮೊದಲೇ ಓಡ್ತಿರುತ್ತೆ. ಇನ್ನೂ ಎಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತೆ, ಬೆರಳು ಜುಮ್ ಅನ್ನುತ್ತೆ. ಗಾಬರಿ ಡಬಲ್.

ಮೊದಲು ಇರೋ ಉಸಿರು ಬಿಡಿ. ಆಮೇಲೆ ಮೂಗಿಂದ ಮೆಲ್ಲಗೆ 4 ಎಣಿಸೋವರೆಗೆ ಒಳಗೆ, ತುಟಿ ಕಿರಿದು ಮಾಡಿ 6ರವರೆಗೆ ಹೊರಗೆ. ಉಸಿರು ಹೊರಹೋಗುವಾಗಲೇ ವೇಗಸ್ ನರ (ಮಿದುಳಿನಿಂದ ಹೃದಯಕ್ಕೆ ಇಳಿಯೋ ನರ) ಎದೆಬಡಿತ ತಗ್ಗಿಸೋದು. ಕೆಲವು ನಿಮಿಷ ಬೇಕು; ಎರಡೇ ಉಸಿರಿಗೆ ಆಗಲಿಲ್ಲ ಅಂತ ಬಿಡಬೇಡಿ.

ಕಣ್ಣು ತೆರೆದೇ ಇರಲಿ. ಮುಚ್ಚಿದರೆ ಕೆಲವರಿಗೆ ಹಳೇ ದೃಶ್ಯವೇ ಎದುರು ಬರುತ್ತೆ. ಕತ್ತು ನಿಧಾನ ತಿರುಗಿಸಿ ಕಿಟಕಿ, ಕುರ್ಚಿ, ಗೋಡೆ ನೋಡಿ. ಹಿಮ್ಮಡಿ ನೆಲಕ್ಕೆ ಒತ್ತಿ.

ಜೊತೆಗಿದ್ದವರು ಕೇಳದೆ ಬೆನ್ನು ಸವರೋಕೆ ಹೋಗಬೇಡಿ, ಪ್ಲೀಸ್.