ದರಗು ತರೋಕೆ ಹೋಗಿದ್ರಾ?

ಮೊದಲ ದಿನವೇ ಸೀನಿಯರ್ ಡಾಕ್ಟರ್ ಹೇಳಿದ್ದರು. "ನೋಡಬಹುದು, ಕೇಳಿಸಿಕೊಳ್ಳಬಹುದು. ರೋಗಿಯನ್ನ ಮುಟ್ಟೋ ಹಾಗಿಲ್ಲ. ಕೇಸ್ ಶೀಟಲ್ಲಿ ಒಂದಕ್ಷರ ಬರೆಯೋ ಹಾಗಿಲ್ಲಮ್ಮ." ಶಿವಮೊಗ್ಗದ ಆ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಒಂದು ತಿಂಗಳು ನಾನು ಅಬ್ಸರ್ವರ್. ಬಿಳಿ ಕೋಟು ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ರೌಂಡ್ಸ್‌ನ ಕೊನೆಯಲ್ಲಿ ನಿಲ್ಲುತ್ತಿದ್ದೆ. ಸ್ಟೆತಾಸ್ಕೋಪ್ ಬ್ಯಾಗಿನಲ್ಲೇ ಇರುತ್ತಿತ್ತು.

ನಾನು ಡಾಕ್ಟರ್ ಓದಿದ್ದು ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಎಫ್‌ಎಂಜಿಇ ಪರೀಕ್ಷೆ ಪಾಸಾಗಬೇಕು. 300 ಪ್ರಶ್ನೆ, 150 ಸರಿ ಬರಬೇಕು. ಆಮೇಲೆ ಇಲ್ಲೇ ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿದರೆ ಪೂರ್ತಿ ರಿಜಿಸ್ಟ್ರೇಷನ್. ಮೊದಲ ಸಲ ನನಗೆ ಬಂದಿದ್ದು 137. ಮುಂದಿನ ಪರೀಕ್ಷೆಗೆ ಹೊಸನಗರದ ಮನೆಯಲ್ಲಿ ಕೂತು ಓದುತ್ತಿದ್ದೆ. ಪುಸ್ತಕದ ರೋಗ ಎಲ್ಲಾ ಗೊತ್ತು, ರೋಗಿಯ ಮುಖ ನೋಡಿ ತಿಂಗಳುಗಳೇ ಆಗಿತ್ತು. ಅದು ಭಯ ಹುಟ್ಟಿಸಿತು. ಎರಡು ಕಡೆ ಕೇಳಿದೆ, ಆಗಲ್ಲ ಅಂದರು. ಮೂರನೇ ಕಡೆ ಒಪ್ಪಿದರು.

ಬಿಷ್ಕೆಕ್‌ನಲ್ಲಿ ಪಾಠ ಇಂಗ್ಲಿಷಿನಲ್ಲಿ, ರೋಗಿಗಳು ಮಾತಾಡುವುದು ರಷ್ಯನ್ ಅಥವಾ ಕಿರ್ಗಿಜ್. "ಗ್ದೆ ಬಲಿತ್?" ನೋವು ಎಲ್ಲಿ ಅಂತ. ಅದನ್ನು ನಾನು ಚೆನ್ನಾಗಿ ಕಲಿತಿದ್ದೆ. ಆದರೆ ನನ್ನದೇ ಭಾಷೆಯಲ್ಲಿ ಒಬ್ಬ ರೋಗಿಯನ್ನೂ ವಿಚಾರಿಸಿ ಗೊತ್ತಿರಲಿಲ್ಲ.

ಅದು ಫೆಬ್ರವರಿ. ಐವತ್ತು ದಾಟಿದ ಒಬ್ಬ ಅಮ್ಮನನ್ನು ಹಿಂದಿನ ರಾತ್ರಿ ಅಡ್ಮಿಟ್ ಮಾಡಿದ್ದರು. ಅವರೂ ನಮ್ಮ ಕಡೆಯವರೇ. ನಾಲ್ಕು ದಿನದಿಂದ ಬಿಡದ ಜ್ವರ, ತಲೆ ಸಿಡಿತ, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾರದ ನೋವು. ಕಣ್ಣು ಕೆಂಪಾಗಿತ್ತು, ಆದರೆ ಪಿಸುರು ಇರಲಿಲ್ಲ. ಪ್ಲೇಟ್‌ಲೆಟ್ ಕಡಿಮೆ, ಬಿಳಿ ರಕ್ತಕಣವೂ ಕಡಿಮೆ. ಡೆಂಗ್ಯೂ ಪರೀಕ್ಷೆ ನೆಗೆಟಿವ್.

ನೋಡುತ್ತಿದ್ದ ಪೀಜಿ ಡಾಕ್ಟರ್ ರಾಜಸ್ಥಾನದವರು. ಬಂದು ಎರಡು ವರ್ಷ ಆಗಿರಲಿಲ್ಲ, ಕನ್ನಡ ಕಷ್ಟಪಟ್ಟು ಕಲಿತಿದ್ದರು. ಮಂಗನ ಕಾಯಿಲೆ ಇರಬಹುದಾ ಅಂತ ತಿಳಿಯೋಕೆ ಅವರು ಕೇಳಬೇಕಾದ್ದನ್ನೇ ಕೇಳಿದರು. "ಅಮ್ಮಾ, ಕಾಡಿಗೆ ಹೋಗಿದ್ರಾ?"

"ಇಲ್ಲಪ್ಪ. ನಾವ್ಯಾಕೆ ಕಾಡಿಗೆ ಹೋಗಣ?"

ಅವರು 'ಕಾಡಿಗೆ ಹೋಗಿಲ್ಲ' ಅಂತ ಬರೆದುಕೊಂಡರು. ಪ್ರಶ್ನೆಯಲ್ಲಿ ತಪ್ಪಿರಲಿಲ್ಲ, ಉತ್ತರದಲ್ಲಿ ಸುಳ್ಳಿರಲಿಲ್ಲ. ಆದರೂ ನನಗೆ ನಿಂತಲ್ಲಿ ನಿಲ್ಲೋಕೆ ಆಗಲಿಲ್ಲ. ನಮ್ಮ ಕಡೆ ಕಾಡು ಅಂದರೆ ದೊಡ್ಡ ಮರ, ಕಾಟಿ ಇರುವ ದೂರದ ಜಾಗ. ಮನೆ ಹಿಂದಿನ ಸೊಪ್ಪಿನ ಬೆಟ್ಟವನ್ನು ಯಾರೂ ಕಾಡು ಅನ್ನುವುದಿಲ್ಲ. ಅದು ಬೆಟ್ಟ ಅಷ್ಟೇ. ಕೊಟ್ಟಿಗೆಗೆ ಹಾಸೋಕೆ ದರಗು, ಅಂದರೆ ಒಣಗಿದ ಎಲೆ, ಗುಡಿಸಿ ತರುವುದು ಅಲ್ಲಿಂದಲೇ. ಅದು ಮನೆಗೆಲಸ, ಕಸ ಗುಡಿಸಿದ ಹಾಗೆ.

ಸೀನಿಯರ್ ಡಾಕ್ಟರ್ ಕಡೆ ನೋಡಿದೆ. "ಸರ್, ಒಂದು ಮಾತು ಕೇಳಲಾ?" ತಲೆಯಾಡಿಸಿದರು.

"ಅಮ್ಮಾ, ಬೆಟ್ಟಕ್ಕೆ ದರಗು ತರೋಕೆ ಹೋಗಿದ್ರಾ?"

"ಹೂಂ ಮಗಾ, ದಿನಾ ಹೋಗದೇಯ. ಈಗ ತಾನೆ ದರಗು ಉದುರದು."

"ಉಣುಗು ಕಚ್ಚಿತ್ತಾ?"

ಅವರು ಏನೂ ಹೇಳದೆ ಸೀರೆಯ ನೆರಿಗೆ ಒಂದಿಷ್ಟು ಮೇಲೆತ್ತಿದರು. ಮಂಡಿಯ ಹಿಂದೆ ಸಾಸಿವೆಗಿಂತ ಚಿಕ್ಕದಾದ ಕಪ್ಪು ಕಲೆ ನಾಲ್ಕೈದು. ಕೆರೆದು ಕೆರೆದು ಅಂಚು ಕೆಂಪಾಗಿತ್ತು. "ಇದು ಯಾವಾಗ್ಲೂ ಕಚ್ಚದೇಯ, ಅದ್ರಲ್ಲೇನು?" ಅಂದರು. ಪಕ್ಕದ ಮನೆಯ ಬೆಟ್ಟದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು ಅನ್ನುವುದೂ ಆಗಲೇ ಹೊರಗೆ ಬಂತು.

ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬಿಷ್ಕೆಕ್‌ನಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ಪಾಠ ಓದುವಾಗ, ಅದೇ ಕುಟುಂಬದ ವೈರಸ್ ಅಂತ ಕ್ಯಾಸನೂರಿನ ಹೆಸರು ಪುಸ್ತಕದಲ್ಲಿ ಬಂದಿತ್ತು. ಅಷ್ಟು ದೂರದಲ್ಲಿ ಊರಿನ ಹೆಸರು ಕಂಡು ಖುಷಿಯಾಗಿತ್ತು. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಕಚ್ಚಿ ಇದನ್ನು ಹರಡುವ ಮರಿ ಉಣುಗುಗಳು ಒಣಗಿದ ಎಲೆಯ ನಡುವೆ ಇರುತ್ತವೆ. ಜನ ದರಗು ಗುಡಿಸುವುದೂ ಅದೇ ತಿಂಗಳುಗಳಲ್ಲಿ. ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ. ನೀರಿನಂಶ ಕಡಿಮೆಯಾಗದ ಹಾಗೆ, ರಕ್ತಸ್ರಾವ ಆಗದ ಹಾಗೆ ನೋಡಿಕೊಳ್ಳುವುದೇ ಚಿಕಿತ್ಸೆ. ಹಾಗಾಗಿ ಬೇಗ ಅನುಮಾನ ಬರುವುದು ಮುಖ್ಯ.

ರಕ್ತದ ಮಾದರಿ ಶಿವಮೊಗ್ಗದ ವೈರಸ್ ಲ್ಯಾಬಿಗೆ ಹೋಯಿತು. ಪೀಜಿ ಡಾಕ್ಟರ್ ನನ್ನ ಹತ್ತಿರ ಬಂದು ಆ ಪದ ಇನ್ನೊಮ್ಮೆ ಹೇಳಿ ಅಂದರು. ಜೇಬಿನ ಪುಟ್ಟ ಡೈರಿಯಲ್ಲಿ ಹಿಂದಿ ಅಕ್ಷರದಲ್ಲಿ 'ದರಗು' ಅಂತ ಬರೆದುಕೊಂಡರು. ಆ ಮನುಷ್ಯನ ಮೇಲೆ ನನಗೆ ತುಂಬಾ ಗೌರವ ಬಂತು.

ಅಬ್ಸರ್ವರ್‌ಶಿಪ್ ಅಂದರೆ ಸುಮ್ನೆ ನಿಂತು ಬರುವುದು, ಸರ್ಟಿಫಿಕೇಟಿಗೆ ಅಂತ ನನ್ನ ಜೊತೆ ಓದಿದವರೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೈಗೆ ಕೆಲಸ ಇದ್ದಿದ್ದರೆ ನಾನೂ ಬಿಪಿ ನೋಡುತ್ತಾ, ಶೀಟ್ ಬರೆಯುತ್ತಾ ಇರುತ್ತಿದ್ದೆ. ಆ 'ಇಲ್ಲಪ್ಪ' ನನ್ನ ಕಿವಿಗೂ ಬೀಳುತ್ತಿರಲಿಲ್ಲ.

ಒಂದು ಗಳಿಗೆ ಮಾತ್ರ ಕಷ್ಟವಾಯಿತು. ರೌಂಡ್ಸ್ ಮುಂದೆ ಹೋದ ಮೇಲೆ ಆ ಅಮ್ಮ ಕೈ ಚಾಚಿದರು. "ಜ್ವರ ಇಳಿದದೆಯಾ ನೋಡು ಮಗಾ." ಮುಟ್ಟಬಾರದು. "ಸಿಸ್ಟರ್‌ನ ಕರೀತೀನಿ ಅಮ್ಮಾ" ಅಂದೆ. ನರ್ಸ್ ಥರ್ಮಾಮೀಟರ್ ಇಡುವ ತನಕ ಹಾಸಿಗೆ ಪಕ್ಕ ನಿಂತಿದ್ದೆ. 102 ಇತ್ತು.

ಮೂರನೇ ದಿನ ರಿಪೋರ್ಟ್ ಪಾಸಿಟಿವ್ ಬಂತು. ವಾರ ಕಳೆದ ಮೇಲೆ ಅವರು ನಡೆದುಕೊಂಡೇ ಮನೆಗೆ ಹೊರಟರು. ಜ್ವರ ಮತ್ತೆ ಬಂದರೆ, ತಲೆನೋವು ಜಾಸ್ತಿಯಾದರೆ ತಕ್ಷಣ ಬನ್ನಿ ಅಂತ ಸೀನಿಯರ್ ಡಾಕ್ಟರ್ ಎರಡೆರಡು ಸಲ ಹೇಳಿದರು.

ದರಗಿನ ಮಾತು ಬಂದ ಆ ದಿನವೇ, ಸಂಜೆ ಮನೆಗೆ ಫೋನ್ ಮಾಡಿದೆ.

"ಅಮ್ಮಾ, ಬೆಟ್ಟಕ್ಕೆ ಯಾರು ಹೋಗ್ತಿದೀರಿ?"

"ನಿಮ್ಮಪ್ಪ. ಬೆಳಗ್ಗೆ ಎರಡು ಹೊರೆ ದರಗು ತಂದ್ರು. ಯಾಕೆ?"

"ಆಶಾ ಅಕ್ಕ ಕೊಟ್ಟಿದ್ರಲ್ಲ, ಕೈಕಾಲಿಗೆ ಹಚ್ಚೋ ಎಣ್ಣೆ, ಅದೆಲ್ಲಿ?"

"ಅಟ್ಟದ ಮೇಲೆ ಇರ್ಬೇಕು. ಮುಚ್ಚಳನೇ ತೆಗ್ದಿಲ್ಲ."

"ಈಗ್ಲೇ ತೆಗ್ದು ಅಪ್ಪನ ಚಪ್ಪಲಿ ಪಕ್ಕ ಇಡು. ನಾನು ಫೋನ್ ಹಿಡ್ಕೊಂಡೇ ಇರ್ತೀನಿ."

ಅಟ್ಟಕ್ಕೆ ಏಣಿ ಇಡುವ ಸದ್ದು ಕೇಳಿಸಿತು.