ಅಜ್ಜಿಯ ಪಟ, ಚೀನದ ಪಟ

ಬೀದರ್‌ನ ನಮ್ಮ ಮನೆ ಪಡಸಾಲೆಯಲ್ಲಿ ಅಜ್ಜಿಯ ಪಟ ಇದೆ. ಫೋಟೊ ಅಲ್ಲ, ಕೈಯಲ್ಲಿ ಬರೆದದ್ದು. ಅಜ್ಜಿ ಬದುಕಿದ್ದಾಗ ಒಂದು ಫೋಟೊನೂ ತೆಗೆಸಿರಲಿಲ್ಲ. ತೀರಿಕೊಂಡ ಮೇಲೆ ಚೌಬಾರಾ ಹತ್ತಿರದ ಪೇಂಟರ್ ಒಬ್ಬರು ನಮ್ಮ ಅತ್ತೆಯನ್ನು ಎದುರು ಕೂರಿಸಿಕೊಂಡು ಬರೆದರು. "ಮೂಗು ಇದೇ, ಗದ್ದ ಇನ್ನೂ ಸ್ವಲ್ಪ ಚೂಪು" ಅಂತ ಅಪ್ಪ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು.

ಚೀನದ ಪೂರ್ವಜರ ಚಿತ್ರಗಳ ಬಗ್ಗೆ ಓದಿದಾಗ ಇದೇ ನೆನಪಾಯಿತು. ಅಲ್ಲೂ ಎಷ್ಟೋ ಚಿತ್ರಗಳನ್ನು ಸತ್ತ ಮೇಲೆಯೇ ಬರೆಸುತ್ತಿದ್ದರು. ಕಲಾವಿದ ಕಣ್ಣು, ಮೂಗುಗಳ ನಮೂನೆ ತೋರಿಸುತ್ತಿದ್ದ, ಮನೆಯವರು ಆರಿಸುತ್ತಿದ್ದರು. ಕುರ್ಚಿಯಲ್ಲಿ ನೇರ ಕೂತ ಭಂಗಿ, ನಗು ಇಲ್ಲದ ಮುಖ. ಹೊಸ ವರ್ಷಕ್ಕೆ ಗೋಡೆಗೆ ತೂಗುಹಾಕಿ, ಊದುಬತ್ತಿ ಹಚ್ಚಿ, ಎಡೆ ಇಡುತ್ತಿದ್ದರು. ನಮ್ಮ ಪಿತೃಪಕ್ಷದ ಹಾಗೇ ಅಲ್ವಾ?

ಆ ಚಿತ್ರಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ದರ್ಬಾರಿನ ಉಡುಪು. ಎದೆಯ ಮೇಲೆ ಕಸೂತಿಯ ಒಂದು ಚೌಕ. ಆಗ ಚೀನವನ್ನು ಆಳುತ್ತಿದ್ದ ಮಿಂಗ್ ಅರಸರು 1391ರಲ್ಲಿ ತಂದ ನಿಯಮ ಅದು. ಹಕ್ಕಿ ಇದ್ದರೆ ಆಡಳಿತದ ಅಧಿಕಾರಿ, ಪ್ರಾಣಿ ಇದ್ದರೆ ಸೇನೆಯವನು. ಕೊಕ್ಕರೆ ಇದ್ದರೆ ಮೊದಲ ದರ್ಜೆ. ಹೆಂಡತಿಯೂ ಗಂಡನ ದರ್ಜೆಯ ಚೌಕವನ್ನೇ ತೊಡುತ್ತಿದ್ದಳು. ಅವರ ನಂತರ ಬಂದ ಚಿಂಗ್ ಅರಸರ ಕಾಲದ (1644–1912) ಮೇಲಂಗಿ ಮುಂದೆ ತೆರೆಯುತ್ತದೆ, ಹಾಗಾಗಿ ಎದೆಯ ಚೌಕ ಎರಡು ಹೋಳು. ಕೊರಳಲ್ಲಿ 108 ಮಣಿಗಳ ಸರ. ನಮ್ಮ ಜಪಮಾಲೆಯಷ್ಟೇ!

ನಿನ್ನೆ ಅಜ್ಜಿಯ ಪಟದ ಗಾಜು ಒರೆಸಿದೆ. ಉಟ್ಟಿರುವುದು ಇಳಕಲ್ ಸೀರೆ, ಹಬ್ಬಕ್ಕೆ ಮಾತ್ರ ಪೆಟ್ಟಿಗೆಯಿಂದ ತೆಗೆಯುತ್ತಿದ್ದದ್ದು. ಕೆಂಪು ಸೆರಗಿನ ಒಂದೊಂದು ಬಿಳಿ ಪಟ್ಟಿಯನ್ನೂ ಆ ಪೇಂಟರ್ ಬಿಡದೆ ಬರೆದಿದ್ದಾರೆ.